ಪರಾಗದ ಅಲರ್ಜಿಗೆ ಪರಾಗದ್ದೇ ಇಂಜೆಕ್ಷನ್ನಾ?

ಪ್ರಶ್ನೆ: ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ, ಅದೇ ಪಾರ್ಥೇನಿಯಂ, ಹೂ ಬಿಟ್ಟರೆ ಸಾಕು, ಎದ್ದ ಕೂಡಲೇ ಸಾಲು ಸಾಲು ಸೀನು. ಡಾಕ್ಟರು ಅದೇ ಪರಾಗದ ಇಂಜೆಕ್ಷನ್ ಕೊಡುತ್ತೇನೆ ಅಂತಾರೆ. ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಅಲ್ವಾ?
– ಓದುಗರೊಬ್ಬರು, ಮೈಸೂರು

ಉತ್ತರ: ಹಾಗನ್ನಿಸುವುದು ಸಹಜ. ಆದರೆ ಇದು ಹೊಸ ಹುಚ್ಚಾಟವಲ್ಲ. 1911ರಲ್ಲೇ ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ ಎಂಬ ವೈದ್ಯರು ಹುಲ್ಲಿನ ಪರಾಗದ ಸಾರವನ್ನು ಹೀಗೆ ಚುಚ್ಚಿ ನೋಡಿದ್ದರು.

ನಿಮ್ಮ ಮೈ ಪರಾಗವನ್ನು ಸುಮ್ನೆ ಶತ್ರು ಅಂದುಕೊಂಡು ಐಜಿಇ ಎಂಬ ಪ್ರತಿಕಾಯ (ಶತ್ರುವನ್ನು ಗುರುತು ಹಿಡಿಯುವ ಪ್ರೋಟೀನ್) ತಯಾರಿಸುತ್ತದೆ. ಅದು ಮೂಗಿನೊಳಗಿನ ಮಾಸ್ಟ್ ಎಂಬ ರಕ್ಷಣಾ ಕೋಶಗಳ ಮೇಲೆ ಕೂತಿರುತ್ತದೆ. ಪರಾಗ ತಾಗಿತೋ, ಆ ಕೋಶಗಳಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬಂದು ಸೀನು ಶುರು. ಇಂಜೆಕ್ಷನ್ನಿನಲ್ಲಿ ಚೂರೇ ಚೂರಿನಿಂದ ಶುರುಮಾಡಿ ಡೋಸ್ ಏರಿಸುತ್ತಾ ಹೋದರೆ ಮೈಯ ರಕ್ಷಣಾ ವ್ಯವಸ್ಥೆಯನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳು ಹೆಚ್ಚಿ ಈ ಗಲಾಟೆಯನ್ನು ತಗ್ಗಿಸುತ್ತವೆ, ಜೊತೆಗೆ ಐಜಿಜಿ4 ಎಂಬ ಇನ್ನೊಂದು ಪ್ರತಿಕಾಯ ಪರಾಗವನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. ತಮಾಷೆಯೆಂದರೆ ಮೊದಮೊದಲು ಐಜಿಇ ಜಾಸ್ತಿಯೇ ಆಗುತ್ತದೆ, ಇಳಿಯುವುದು ಆಮೇಲೆ, ನಿಧಾನಕ್ಕೆ. ರಕ್ತಪರೀಕ್ಷೆ ನೋಡಿ ಗಾಬರಿಯಾಗಬೇಡಿ.

ಸಾಮಾನ್ಯವಾಗಿ 3ರಿಂದ 5 ವರ್ಷ ಬೇಕು. ಪ್ರತಿ ಸಲ ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂತಿರಿ, ಅಪರೂಪಕ್ಕೆ ಉಸಿರು ಕಟ್ಟುವಂಥ ರಿಯಾಕ್ಷನ್ ಆಗಬಹುದು. ಉಬ್ಬಸ ಹತೋಟಿಯಲ್ಲಿ ಇಲ್ಲದಿದ್ದರೆ ಸದ್ಯಕ್ಕೆ ಬೇಡ, ಮೊದಲು ಅದನ್ನು ಸರಿಮಾಡಿಕೊಳ್ಳಿ.