ಅತ್ತು ಪ್ರಾರ್ಥಿಸಿದ ಮೇಲೂ ಮತ್ತೆ ಅದೇ ಪಾಪಕ್ಕೆ ಬೀಳುತ್ತಿದ್ದೇನೆ. ನನ್ನ ಪಶ್ಚಾತ್ತಾಪ ನಿಜವಾದದ್ದೇ?

ನಿಮ್ಮ ಪ್ರಶ್ನೆಯನ್ನು ಎರಡು ಮೂರು ಸಲ ಓದಿದೆ. ಸಿಟ್ಟು ಬಂದರೆ ಹೆಂಡತಿ ಮಕ್ಕಳ ಮೇಲೆ ಬಾಯಿಗೆ ಬಂದಂತೆ ಕೂಗಾಡುತ್ತೀರಿ. ರಾತ್ರಿ ಒಬ್ಬರೇ ಕೂತು ಅತ್ತು ಪ್ರಾರ್ಥಿಸುತ್ತೀರಿ, ಮನಸ್ಸು ಹಗುರವಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ. ಮೂರು ವರ್ಷದಿಂದ ಹೀಗೇ ನಡೆದಿದೆ, ಹಾಗಾದರೆ ನನ್ನ ಪಶ್ಚಾತ್ತಾಪ ಸುಳ್ಳಾ, ದೇವರಿಗೆ ನನ್ನ ಮೇಲೆ ಬೇಸರ ಬಂದಿರಬಹುದಾ ಎಂದು ಕೇಳಿದ್ದೀರಿ. ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಕಲಿತಿಲ್ಲ. ಆದರೆ ಇದೇ ಸುಳಿಯಲ್ಲಿ ಬಹಳ ವರ್ಷ ತಿರುಗಿದ್ದೇನೆ, ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ಮೊದಲು ಆ ಪದವನ್ನೇ ನೋಡೋಣ. ಪಶ್ಚಾತ್ತಾಪ ಅಂದರೆ ಆಮೇಲೆ ಆಗುವ ತಾಪ, ಮಾಡಿದ ಮೇಲೆ ಹೊಟ್ಟೆಯೊಳಗೆ ಹತ್ತಿಕೊಳ್ಳುವ ಉರಿ. ಅದು ನಿಮಗೆ ಆಗುತ್ತಿದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಹೊಸ ಒಡಂಬಡಿಕೆಯಲ್ಲಿ ಯೇಸು ಸ್ವಾಮಿ ಸಾರುತ್ತಾ ಬಂದಾಗ ಬರುವ ಗ್ರೀಕ್ ಪದ ಮೆಟನೋಯಿಯ. ಅದಕ್ಕೆ ನಮ್ಮಲ್ಲಿ ಇನ್ನೊಂದು ಒಳ್ಳೆಯ ಪದ ಇದೆ, ಮಾನಸಾಂತರ. ಮನಸ್ಸು ಇದ್ದ ಕಡೆ ಇರದೆ ಬೇರೆ ಕಡೆಗೆ ಹೊರಳುವುದು. ಹಳೆಯ ಒಡಂಬಡಿಕೆಯ ಪ್ರವಾದಿಗಳು ಬಳಸಿದ ಇಬ್ರಿಯ ಪದ ಶೂವ್ ಇನ್ನೂ ಸರಳ, ಹೋಗುತ್ತಿದ್ದವನು ಹಿಂದಿರುಗಿ ಬರುವುದು, ಅಷ್ಟೇ. ಉರಿ ಆಗುವುದು ಒಂದು, ತಿರುಗಿ ನಡೆಯುವುದು ಇನ್ನೊಂದು. ಉರಿಯನ್ನೇ ತಿರುಗುವುದು ಅಂದುಕೊಂಡು ನಾನು ಹನ್ನೊಂದು ವರ್ಷ ಕಳೆದೆ.

ನನ್ನ ಪಾಪ ಕೋಪದ್ದಲ್ಲ, ಹಣದ್ದು. ಅಪ್ಪ ಹಾಸಿಗೆ ಹಿಡಿದಾಗ ಖರ್ಚಿನ ಲೆಕ್ಕ ಬರೆಯುತ್ತಿದ್ದವರು ನಾನೊಬ್ಬರೇ. ಅವರು ತೀರಿಕೊಂಡ ಮೇಲೆ ಉಳಿದದ್ದನ್ನು ಅಕ್ಕನ ಜೊತೆ ಹಂಚಿಕೊಳ್ಳುವಾಗ ಒಂದು ಪುಟದಲ್ಲಿ ಅಂಕಿ ತಿದ್ದಿದೆ. ಖರ್ಚು ಆದದ್ದಕ್ಕಿಂತ ಹೆಚ್ಚು ತೋರಿಸಿದೆ. ಅವಳು ಲೆಕ್ಕ ನೋಡದೆ ನಂಬಿದಳು. ಆಮೇಲೆ ಎಷ್ಟು ಸಲ ಅತ್ತಿದ್ದೇನೆ ಅಂದರೆ, ಉಪವಾಸ ಪ್ರಾರ್ಥನೆಗೆ ಹೋಗಿ ಮೊಣಕಾಲೂರಿ ಅತ್ತಿದ್ದೇನೆ, ಕರ್ತನ ರಾತ್ರಿ ಭೋಜನಕ್ಕೆ ಮುಂಚೆ ಅತ್ತಿದ್ದೇನೆ, ಪ್ರಸಂಗದಲ್ಲಿ ಪಾಪದ ಮಾತು ಬಂದಾಗಲೆಲ್ಲ ಕಣ್ಣು ತುಂಬಿದೆ. ಅತ್ತ ಪ್ರತಿ ಸಲವೂ ಸಮಾಧಾನವಾಗುತ್ತಿತ್ತು. ಆ ಸಮಾಧಾನವನ್ನೇ ಕ್ಷಮೆ ಅಂದುಕೊಂಡಿದ್ದೆ. ಹಣ ಮಾತ್ರ ನನ್ನ ಹತ್ತಿರವೇ ಇತ್ತು.

ಒಂದು ದಿನ ಬೆಳಗಿನ ಓದಿಗೆ ಲೂಕ 19ನೇ ಅಧ್ಯಾಯ ಬಂತು, ಜಕ್ಕಾಯನ ಕಥೆ. ಭಾನುವಾರದ ಶಾಲೆಯಿಂದ ಕೇಳುತ್ತಾ ಬಂದದ್ದು, ಯೇಸುವನ್ನು ನೋಡಲು ಮರ ಹತ್ತಿದ ಕುಳ್ಳ ಮನುಷ್ಯ, ಸುಂಕ ವಸೂಲಿಯವರ ಮುಖ್ಯಸ್ಥ. ಅವತ್ತು ಮರ ಕಾಣಲಿಲ್ಲ, ಲೆಕ್ಕ ಕಂಡಿತು. ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅನ್ನುತ್ತಾನೆ. ಮೋಶೆಯ ಧರ್ಮಶಾಸ್ತ್ರದಲ್ಲಿ ತಾನಾಗಿ ಒಪ್ಪಿಕೊಂಡು ಬಂದವನು ಮೂಲದ ಜೊತೆ ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು, ಯಾಜಕಕಾಂಡದಲ್ಲೂ ಅರಣ್ಯಕಾಂಡದಲ್ಲೂ ಅದು ಇದೆ. ನಾಲ್ಕರಷ್ಟು ಅನ್ನುವುದು ವಿಮೋಚನಕಾಂಡದಲ್ಲಿ ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ ಹೇಳಿದ ಅಳತೆ. ಜಕ್ಕಾಯ ತನಗೆ ಸುಲಭದ ಅಳತೆ ಇಟ್ಟುಕೊಳ್ಳಲಿಲ್ಲ, ಕಳ್ಳನ ಅಳತೆಯಲ್ಲಿ ತನ್ನನ್ನು ಅಳೆದುಕೊಂಡ. ಅವನು ಅತ್ತ ಅಂತ ಲೂಕ ಒಂದು ಕಡೆಯೂ ಬರೆದಿಲ್ಲ. ಯೇಸುವನ್ನು ಸಂತೋಷದಿಂದ ಬರಮಾಡಿಕೊಂಡ ಅಂತ ಬರೆದಿದ್ದಾನೆ. ಯೇಸು ಅವನ ಮನೆಗೆ ಬರುತ್ತೇನೆಂದದ್ದು ಅವನು ಕೊಡುತ್ತೇನೆಂದು ಹೇಳುವುದಕ್ಕೆ ಮೊದಲು, ಆಮೇಲಲ್ಲ. ಇದನ್ನು ದಯವಿಟ್ಟು ಗಮನಿಸಿ. ದೇವರ ದಯೆಯೇ ನಮ್ಮನ್ನು ಮಾನಸಾಂತರದ ಕಡೆಗೆ ನಡೆಸುತ್ತದೆ ಎಂದು ಅಪೊಸ್ತಲನಾದ ಪೌಲ ರೋಮಾಪುರದವರಿಗೆ ಬರೆದದ್ದು ಇದನ್ನೇ. ನಾವು ತಿರುಗಿದ್ದೇವೆಂದು ಆತ ಬರುವುದಲ್ಲ, ಆತ ಬಂದದ್ದಕ್ಕೆ ನಾವು ತಿರುಗುವುದು.

ಅಪ್ಪನ ಖರ್ಚಿನ ಆ ಲೆಕ್ಕದ ಪುಸ್ತಕವನ್ನು ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಪುಟ ತೆರೆದು ತೋರಿಸಿದೆ. ತಿದ್ದಿದ ಅಂಕಿಯ ಶಾಯಿ ಬೇರೆ, ಉಳಿದ ಅಂಕಿಗಳೆಲ್ಲ ಮಾಸಿ ಕಂದಾಗಿದ್ದರೂ ಅದೊಂದು ಇನ್ನೂ ಕಪ್ಪಗೇ ಇತ್ತು. ಅಕ್ಕ ಕನ್ನಡಕ ಹಾಕಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು ಕೂತಳು. ನಾನು ತಂದಿದ್ದ ಹಣವನ್ನು ಮುಟ್ಟಲಿಲ್ಲ. "ಆಗ ನನ್ನ ಮಗಳ ಫೀಸಿಗೆ ಯಾರ್ಯಾರ ಹತ್ತಿರ ಕೈಚಾಚಿದ್ದೆ ಅಂತ ನಿನಗೆ ಗೊತ್ತಾ?" ಅಂದಳು. ಗೊತ್ತಿರಲಿಲ್ಲ. ಅಷ್ಟು ವರ್ಷ ಅತ್ತರೂ ಆ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ಆಮೇಲೆ, "ಈಗ ಯಾಕೆ ಬಂದೆ? ನಿನ್ನ ಮನಸ್ಸು ಹಗುರ ಮಾಡಿಕೊಳ್ಳೋಕಾ?" ಅಂತ ಕೇಳಿದಳು.

ನನ್ನ ಪಶ್ಚಾತ್ತಾಪದ ಬಗ್ಗೆ ನಾನು ಕೇಳಿದ ಅತ್ಯಂತ ನೇರವಾದ ಪ್ರಸಂಗ ಅದು. ಅಷ್ಟು ವರ್ಷ ನಾನು ಅಳುತ್ತಿದ್ದದ್ದು ನನಗಾಗಿ. ನಾನು ಎಂಥವನಾಗಿಬಿಟ್ಟೆ, ನನಗೆ ನೆಮ್ಮದಿ ಇಲ್ಲ, ದೇವರು ನನ್ನನ್ನು ಕೈಬಿಟ್ಟರೆ ಏನು ಗತಿ. ಪ್ರಾರ್ಥನೆಯಲ್ಲಿ ನಾನು, ನನ್ನ, ನನಗೆ ಬಿಟ್ಟರೆ ಬೇರೆ ಮಾತಿರಲಿಲ್ಲ. ಅಕ್ಕ ಅದರೊಳಗೆ ಇರಲೇ ಇಲ್ಲ. ನಿಜ ಹೇಳಬೇಕೆಂದರೆ ದೇವರೂ ಇರಲಿಲ್ಲ, ಇದ್ದದ್ದು ದೇವರ ಶಿಕ್ಷೆಯ ಭಯ.

ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 7ನೇ ಅಧ್ಯಾಯದಲ್ಲಿ ಪೌಲ ಎರಡು ಬಗೆಯ ದುಃಖವನ್ನು ಬೇರೆ ಮಾಡಿ ಹೇಳುತ್ತಾನೆ. ದೇವರ ಚಿತ್ತಾನುಸಾರವಾದ ದುಃಖ ರಕ್ಷಣೆಗೆ ಒಯ್ಯುತ್ತದೆ, ಲೋಕದ ದುಃಖ ಮರಣಕ್ಕೆ. ಮೊದಲು ಓದಿದಾಗ ದೇವರ ದುಃಖ ಅಂದರೆ ಹೆಚ್ಚು ಆಳವಾದ ದುಃಖ, ಹೆಚ್ಚು ಕಣ್ಣೀರು ಅಂದುಕೊಂಡಿದ್ದೆ. ಆಳದ ಪ್ರಶ್ನೆಯೇ ಅಲ್ಲ ಅದು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದನ ದುಃಖ ಕಡಿಮೆ ಆಳದ್ದಾ? ಅವನು ಮೂವತ್ತು ಬೆಳ್ಳಿ ನಾಣ್ಯವನ್ನು ವಾಪಸ್ ತಂದ, ನಿರಪರಾಧಿಯ ರಕ್ತಕ್ಕೆ ಕಾರಣನಾದೆ ಎಂದು ಬಾಯಿಬಿಟ್ಟು ಒಪ್ಪಿಕೊಂಡ. ನೋಡುವವರ ಕಣ್ಣಿಗೆ, ಯೇಸುವನ್ನು ಅರಿಯೆ ಅಂದ ಶಿಷ್ಯ ಪೇತ್ರನಿಗಿಂತ ಅವನೇ ಹೆಚ್ಚು ಮಾಡಿದ. ಆದರೆ ಅವನು ಹೋದದ್ದು ಮಹಾಯಾಜಕರ ಹತ್ತಿರ. ಅದು ನಮಗೇನು ಅಂದರು ಅವರು. ಅಲ್ಲಿಂದ ಅವನು ಒಂಟಿಯಾಗಿ ಹೊರಟುಹೋದ. ಪೇತ್ರನೂ ಬಹಳ ವ್ಯಥೆಪಟ್ಟು ಅತ್ತ, ಆದರೆ ಅವನು ಉಳಿದ ಶಿಷ್ಯರ ಜೊತೆಯಲ್ಲೇ ಉಳಿದ. ಯೇಸು ಸತ್ತು ಮತ್ತೆ ಎದ್ದ ಮೇಲೆ, ದಡದಲ್ಲಿ ನಿಂತಿರುವುದು ಕರ್ತನು ಅಂತ ಕೇಳಿದ ಕೂಡಲೇ ದೋಣಿ ದಡ ಮುಟ್ಟುವವರೆಗೂ ಕಾಯದೆ ನೀರಿಗೆ ಧುಮುಕಿದ. ಯೋಹಾನನು ಒಂದು ಸಣ್ಣ ಸಂಗತಿಯನ್ನು ಬರೆದಿದ್ದಾನೆ, ಅಲ್ಲಿ ಇದ್ದಲಿನ ಬೆಂಕಿ ಇತ್ತು ಅಂತ. ಮಹಾಯಾಜಕನ ಅಂಗಳದಲ್ಲಿ ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ ಆ ಮನುಷ್ಯನನ್ನು ಅರಿಯೆ ಅಂದದ್ದೂ ಇದ್ದಲಿನ ಬೆಂಕಿಯ ಮುಂದೆಯೇ. ಹೊಸ ಒಡಂಬಡಿಕೆಯಲ್ಲಿ ಇದ್ದಲಿನ ಬೆಂಕಿ ಅನ್ನುವ ಗ್ರೀಕ್ ಪದ ಬರುವುದು ಈ ಎರಡೇ ಜಾಗದಲ್ಲಿ. ಮೂರು ಸಲ ಇಲ್ಲ ಅಂದವನಿಗೆ ಮೂರು ಸಲ, ನನ್ನನ್ನು ಪ್ರೀತಿಸುತ್ತೀಯಾ. ಅವನ ತಪ್ಪನ್ನು ಯೇಸು ಮುಚ್ಚಿಹಾಕಲಿಲ್ಲ, ಅದೇ ಬೆಂಕಿಯ ಹತ್ತಿರ ಕರೆದು ಕೂರಿಸಿ ವಾಸಿಮಾಡಿದ. ಇದನ್ನು ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ ಹತ್ತಿರದ ಒಂದು ಗುರುತು ಹೇಳುತ್ತೇನೆ. ಅರಸನಾದ ಸೌಲನೂ "ಪಾಪಮಾಡಿದ್ದೇನೆ" ಅಂದ, ದಾವೀದನೂ ಅಂದ. ಸೌಲ ಅದರ ಜೊತೆಗೆ ಜನರಿಗೆ ಹೆದರಿ ದೇವರ ಮಾತು ಮೀರಿದೆ ಅಂದ, ಹಿರಿಯರ ಮುಂದೆ ನನ್ನ ಮಾನ ಉಳಿಸು ಅಂತ ಪ್ರವಾದಿ ಸಮುವೇಲನನ್ನು ಬೇಡಿಕೊಂಡ. ದಾವೀದನ ಅಪರಾಧ ನಮ್ಮ ಲೆಕ್ಕದಲ್ಲಿ ಸೌಲನದಕ್ಕಿಂತ ಘೋರ, ವ್ಯಭಿಚಾರ ಮತ್ತು ಕೊಲೆ. ಪ್ರವಾದಿ ನಾತಾನ ಬಂದು ಆ ತಪ್ಪಿತಸ್ಥ ಮನುಷ್ಯ ನೀನೇ ಅಂದಾಗ ಅವನು ಕೊಟ್ಟ ಉತ್ತರ ಇಬ್ರಿಯದಲ್ಲಿ ಎರಡೇ ಪದ, ಯೆಹೋವನಿಗೆ ವಿರುದ್ಧವಾಗಿ ಪಾಪಮಾಡಿದ್ದೇನೆ. ಯಾಕೆ ಅಂತ ಇಲ್ಲ, ಯಾರಿಂದ ಅಂತ ಇಲ್ಲ, "ಆದರೆ" ಅಂತ ಇಲ್ಲ.

ಈ "ಆದರೆ" ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ತಪ್ಪಾಯ್ತು, ಆದರೆ ನೀನೂ ಹಾಗೆ ಮಾತಾಡಬಾರದಿತ್ತು. ಕ್ಷಮಿಸು, ಆದರೆ ಅವತ್ತು ನನಗೆ ತಲೆ ಸರಿ ಇರಲಿಲ್ಲ. ನನ್ನದರಲ್ಲೂ ಇತ್ತು. ಅಪ್ಪನನ್ನು ನೋಡಿಕೊಂಡದ್ದು ನಾನು ತಾನೇ, ಆ ಶ್ರಮಕ್ಕೆ ಬೆಲೆ ಇಲ್ಲವಾ ಅಂತ ಎದೆಯ ಮೂಲೆಯಲ್ಲಿ ಒಬ್ಬ ವಕೀಲ ಕೂತೇ ಇದ್ದ. ಒಳಗೆ ಬದಲಾವಣೆ ಆಗುತ್ತಿದೆಯಾ ಎಂದು ನನ್ನನ್ನು ಕೇಳಿದರೆ ನಾನು ನೋಡುವುದು ಕಣ್ಣೀರನ್ನಲ್ಲ, ಆ ವಕೀಲ ಎದ್ದು ಹೋದನಾ ಎಂದು. ಅಕ್ಕನ ಮುಂದೆ ಕೂತಾಗ ಅವನ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು, ನುಂಗಿಕೊಂಡೆ. ನನ್ನ ಶಕ್ತಿ ಅಲ್ಲ ಅದು, ಪವಿತ್ರಾತ್ಮನ ಕೆಲಸ ಅಂತ ನಂಬುತ್ತೇನೆ. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುತ್ತೇನೆ ಎಂದು ಯೆಹೆಜ್ಕೇಲನ 36ನೇ ಅಧ್ಯಾಯದಲ್ಲಿ ದೇವರು ಹೇಳುವಾಗ, ಅದರಲ್ಲಿ ಕ್ರಿಯಾಪದವೆಲ್ಲ ಆತನದೇ. ಮಾಂಸದ ಹೃದಯಕ್ಕೆ ನೋವು ತಾಗುತ್ತದೆ, ನಮ್ಮದು ಮಾತ್ರವಲ್ಲ, ನಾವು ನೋಯಿಸಿದವರದೂ.

ಮತ್ತೆ ಮತ್ತೆ ಕ್ಷಮಿಸುತ್ತಾನಾ ಎಂಬುದಕ್ಕೆ ನನಗೆ ಅನುಮಾನವೇ ಇಲ್ಲ. ದಿನಕ್ಕೆ ಏಳು ಸಾರಿ ತಪ್ಪು ಮಾಡಿ ಏಳು ಸಾರಿಯೂ ತಿರುಗಿ ಬಂದ ಸಹೋದರನನ್ನು ಕ್ಷಮಿಸು ಎಂದು ನಮಗೆ ಹೇಳಿದವನು ತಾನು ಅದಕ್ಕಿಂತ ಕಡಿಮೆ ಮಾಡುವವನಲ್ಲ. ಯೇಸು ಹೇಳಿದ ಕಥೆಯಲ್ಲಿ, ಮನೆ ಬಿಟ್ಟು ಆಸ್ತಿ ಹಾಳುಮಾಡಿ ಹಿಂದಿರುಗುವ ತಪ್ಪಿಹೋದ ಮಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತಿನಲ್ಲಿ ಕೊನೆಯ ಸಾಲು, ನನ್ನನ್ನು ಕೂಲಿಯವನಂತೆ ಇಟ್ಟುಕೋ ಎಂಬುದು. ಲೂಕ 15 ಮತ್ತೊಮ್ಮೆ ಓದಿ, ತಂದೆಯ ಮುಂದೆ ಆ ಸಾಲು ಬರುವುದೇ ಇಲ್ಲ, ಅಷ್ಟರಲ್ಲಿ ತಂದೆ ಆಳುಗಳನ್ನು ಕರೆದು ಅಂಗಿ ತನ್ನಿ ಅನ್ನುತ್ತಿದ್ದಾನೆ. ಹಾಗೆಯೇ, ಒಂದೇ ಸಲಕ್ಕೆ ಮುಗಿಯಲಿಲ್ಲ ಅನ್ನುವ ಕಾರಣಕ್ಕೆ ನಿಮ್ಮದು ಸುಳ್ಳು ಎಂದು ತೀರ್ಮಾನಿಸಬೇಡಿ. 1517ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಮುಂದಿಟ್ಟ 95 ವಾದಗಳಲ್ಲಿ ಮೊಟ್ಟಮೊದಲನೆಯದೇ, ವಿಶ್ವಾಸಿಯ ಇಡೀ ಬಾಳು ಪಶ್ಚಾತ್ತಾಪವಾಗಿರಬೇಕೆಂಬುದು ಕ್ರಿಸ್ತನ ಇಚ್ಛೆ ಎಂದು. ಕೆಲವರು ಸದಾ ತಮ್ಮನ್ನೇ ಕೆದಕಿ ನೋಡಿಕೊಳ್ಳುತ್ತಾ, ಸಾಕಷ್ಟು ದುಃಖಪಟ್ಟೆನಾ ಎಂದು ಅಳೆಯುತ್ತಾ ಬಸವಳಿಯುತ್ತಾರೆ. ಅದೂ ತನ್ನನ್ನೇ ನೋಡಿಕೊಳ್ಳುವುದೇ. ಶಿಲುಬೆಯ ಕಡೆ ನೋಡಿ.

ಆದರೂ ಒಂದು ಮಾತು ಹೇಳದೆ ಇರಲಾರೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆಯಲ್ಲಿ ನಿಮ್ಮ ಕಣ್ಣೀರಿದೆ, ನಿಮ್ಮ ಪ್ರಾರ್ಥನೆ ಇದೆ, ನಿಮ್ಮ ಭಯ ಇದೆ. ಹೆಂಡತಿ ಮಕ್ಕಳು ಒಂದೇ ಸಾಲಿನಲ್ಲಿ ಬಂದು ಹೋಗಿದ್ದಾರೆ, ಅದೂ ಕೂಗಿಸಿಕೊಂಡವರಾಗಿ. ಆ ರಾತ್ರಿಗಳಲ್ಲಿ ನೀವು ಒಂದು ಕೋಣೆಯಲ್ಲಿ ಅಳುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಅವರು ಏನು ಮಾಡುತ್ತಿದ್ದರು? ನಿಮ್ಮ ದನಿ ಏರಿದಾಗ ಮಗು ಎಲ್ಲಿ ಹೋಗಿ ನಿಲ್ಲುತ್ತದೆ? ಇದು ನಿಮಗೆ ಗೊತ್ತಿಲ್ಲದಿದ್ದರೆ ಮೊದಲು ತಿಳಿದುಕೊಳ್ಳಬೇಕಾದದ್ದು ಇದು. ಹೆಂಡತಿಯನ್ನು ಕೇಳಿ. ಅವರಿಗೆ ಹೇಳಲು ಭಯವಾದರೆ ಒತ್ತಾಯ ಮಾಡಬೇಡಿ, ಆ ಭಯವೇ ಒಂದು ಉತ್ತರ. ಹೇಳಿದರೆ, ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಮಕ್ಕಳ ಮುಂದೆ ಕೂಗಾಡಿದ್ದರೆ ಮಕ್ಕಳ ಮುಂದೆಯೇ ತಪ್ಪಾಯ್ತು ಅನ್ನಿ, ಕೋಣೆಯ ಬಾಗಿಲು ಹಾಕಿಕೊಂಡಲ್ಲ. ಯಾಕೋಬ ತನ್ನ ಪತ್ರದಲ್ಲಿ ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿರಿ ಎಂದು ಬರೆದಿದ್ದಾನೆ, ಹಾಗೆ ನಂಬಿಕಸ್ಥರಾದ ಒಬ್ಬ ಹಿರಿಯ ವಿಶ್ವಾಸಿಗೂ ಹೇಳಿಡಿ, ವಾರಕ್ಕೊಮ್ಮೆ ನೇರವಾಗಿ ಕೇಳುವ ಹಕ್ಕನ್ನು ಅವರಿಗೆ ಕೊಡಿ. ಕೈ ಎತ್ತುವ ಮಟ್ಟಕ್ಕೆ ಹೋಗಿದ್ದರೆ, ಅಥವಾ ಕುಡಿತ ಜೊತೆಗಿದ್ದರೆ, ಪ್ರಾರ್ಥನೆಯ ಜೊತೆಗೆ ಆಪ್ತಸಲಹೆಗಾರರ ಹತ್ತಿರ, ವೈದ್ಯರ ಹತ್ತಿರ ಹೋಗಿ. ಸ್ವಲ್ಪ ದಿನ ಬೇರೆ ಇರುತ್ತೇವೆ ಎಂದು ಮನೆಯವರು ಅಂದರೆ ಅದನ್ನು ನಿಮ್ಮ ಮೇಲಿನ ದ್ವೇಷ ಅಂದುಕೊಳ್ಳಬೇಡಿ. ಕ್ಷಮೆ ಕೇಳಿದ ಮಾತ್ರಕ್ಕೆ ಅವರು ಕೂಡಲೇ ಕ್ಷಮಿಸಿ ನಗಬೇಕು ಎಂದು ಅಪೇಕ್ಷಿಸುವ ಹಕ್ಕು ನಮಗಿಲ್ಲ.

ಅಕ್ಕ ಎಂಟು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆ ಎಂಟು ತಿಂಗಳಲ್ಲಿ ನಾನು ಅತ್ತದ್ದು ಕಡಿಮೆ. ಅವಳಿಗಾಗಿ ಪ್ರಾರ್ಥಿಸಿದೆ, ಫೀಸಿಗೆ ಅವಳು ಕೈಚಾಚಿದ ಆ ವರ್ಷ ಹೇಗಿದ್ದಿರಬಹುದು ಎಂದು ಯೋಚಿಸಿದೆ. ಅದೇ ಸಮಯದಲ್ಲಿ ಕೆಲಸದ ಜಾಗದಲ್ಲಿ ಒಂದು ಬಿಲ್ಲಿನ ಅಂಕಿಯನ್ನು ಸ್ವಲ್ಪ ಹೆಚ್ಚಿಸಿ ಬರೆಯುವ ಅವಕಾಶ ಬಂತು, ಯಾರೂ ನೋಡುವವರಿರಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದು ಮುಂದಕ್ಕೆ ಕಳಿಸಿದೆ. ಮನಸ್ಸಿನಲ್ಲಿ ಹೋರಾಟವೇನೂ ನಡೆಯಲಿಲ್ಲ. ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಾಗ, ಅರೆ, ಹಿಂದೆ ಆಗಿದ್ದರೆ ಹಾಗೆ ಮಾಡುತ್ತಿದ್ದೆನಲ್ಲ ಅಂತ ನೆನಪಾಯಿತು.

ಒಂಬತ್ತನೆಯ ತಿಂಗಳು ಅಕ್ಕನ ಫೋನ್ ಬಂತು. ಹಣದ ಮಾತೆತ್ತಲಿಲ್ಲ. ಅಪ್ಪನ ಆ ಪುಸ್ತಕ ಅಲ್ಲೇ ಬಿಟ್ಟು ಹೋಗಿದ್ದೀಯಲ್ಲ, ಅದರ ಕೊನೇ ಪುಟಗಳಲ್ಲಿ ಅಪ್ಪನ ಕೈಬರಹ ಇದೆ, ಬಂದು ನೋಡು ಅಂದಳು.