ಹುಲಿಯನ್ನು ಕುರ್ಚಿಯ ಮೇಲೆ ಕೂರಿಸಿ

ಕೊಡಗಿನ ನಾಪೋಕ್ಲು ಕಡೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ಒಂದನೇ ತರಗತಿಯ ನನ್ನ ಮೊಮ್ಮಗಳು ವಾರವಿಡೀ ಪುಣ್ಯಕೋಟಿಯ ಕಥೆ ಆಡಿಕೊಂಡು ಬಂದಿದ್ದಾಳೆ. ಒಂದು ದಿನ ಹಸು, ಮರುದಿನ ಹುಲಿ. ಕಾಪಿ ಪುಸ್ತಕದಲ್ಲಿ ಅರ್ಧ ಪುಟವೂ ಇಲ್ಲ. ನಮ್ಮ ಕಾಲದಲ್ಲಿ ಇಷ್ಟು ಹೊತ್ತಿಗೆ ಕಾಗುಣಿತ ಮುಗಿಯುತ್ತಿತ್ತು. ಪಾತ್ರಗಳ ಪರಿಚಯಕ್ಕೆ ಕಥೆ ಓದಿ ಹೇಳಿದರೆ ಸಾಲದೇ? ನಾಟಕ ಆಡಿದರೆ ಅಕ್ಷರ ಬರುತ್ತದೆಯೇ?"

ಮೇಷ್ಟ್ರೇ, ನಿಮ್ಮ ದುಂಡಗಿನ ಅಕ್ಷರ ಕಂಡಾಗಲೇ ನಿಮ್ಮ ಸಂಕಟ ಅರ್ಥವಾಯಿತು. ಇಂಥ ಕೈಬರಹ ಕಾಪಿ ತಿದ್ದದೆ ಬರುವುದಿಲ್ಲ, ಒಪ್ಪಿದೆ. ವರ್ಷ ಕಳೆದರೂ ಮಗುವಿಗೆ ಕಾಗುಣಿತ ಬಾರದಿದ್ದರೆ ಶಾಲೆಯವರನ್ನು ಕೇಳಲು ಹೋಗಿ, ನಾನೂ ಜೊತೆಗೆ ಬರುತ್ತೇನೆ. ಆದರೆ ಆ ವಾರ ದಂಡವಾಯಿತು ಎಂಬ ನಿಮ್ಮ ತೀರ್ಪನ್ನು ಒಪ್ಪಲಾರೆ.

ಓದಿ ಹೇಳಿದರೆ ಪುಣ್ಯಕೋಟಿ ಸತ್ಯವಂತೆ, ಹುಲಿ ಕ್ರೂರಿ ಎಂದು ಮಗು ಬರೆಯುತ್ತದೆ, ಎರಡು ಅಂಕ ಪಡೆಯುತ್ತದೆ. ಅಷ್ಟು ಕ್ರೂರಿಯಾದ ಹುಲಿ ಕೊನೆಗೆ ಪ್ರಾಣ ಬಿಟ್ಟದ್ದೇಕೆ ಎಂದು ಕೇಳಿ ನೋಡಿ. ಶ್ರೀಮಂಗಲ ಕಡೆಯ ಶಿಕ್ಷಕಿಯೊಬ್ಬರು ಹುಲಿಯಾದ ಹುಡುಗನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಉಳಿದ ಮಕ್ಕಳಿಗೆ ಪ್ರಶ್ನೆ ಕೇಳಲು ಬಿಟ್ಟರಂತೆ. ಕೊಟ್ಟಿಗೆಯ ಹಸುವನ್ನು ನಿಜವಾದ ಹುಲಿಗೇ ಕಳೆದುಕೊಂಡ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ನಮ್ಮ ಹಸುವನ್ನು ಏಕೆ ಹಿಡಿದೆ?" ಹುಲಿ ಹೇಳಿತು: "ಕಾಡಿನಲ್ಲಿ ಕಡವೆ ಸಿಗಲಿಲ್ಲ. ನಿಮ್ಮ ಕಾಫಿ ತೋಟದಲ್ಲೇ ಮಲಗಿದ್ದೆ, ನೀವು ನೋಡಲಿಲ್ಲ." "ಹಾಗಾದರೆ ಪುಣ್ಯಕೋಟಿಯನ್ನು ಬಿಟ್ಟದ್ದೇಕೆ?" ಹುಡುಗ ಬಹಳ ಹೊತ್ತು ಕಾಲು ಆಡಿಸುತ್ತ ಕೂತು, "ಅವಳು ವಾಪಸ್ ಬರುತ್ತಾಳೆಂದು ನಾನು ನಂಬಿರಲಿಲ್ಲ. ನಾಚಿಕೆಯಾಯಿತು" ಎಂದನಂತೆ. ಈ ಉತ್ತರವನ್ನು ಯಾವ ಗೈಡಿನಲ್ಲಿ ಹುಡುಕುತ್ತೀರಿ?

ಆ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಭಾಷೆ ಎಲ್ಲವೂ ಇವೆ. ಪಾಠದ ಕನ್ನಡದಲ್ಲಿ ಬಾಯಿ ಬಿಡದ, ತೋಟದ ಕಾರ್ಮಿಕರ ಲೈನ್‌ಮನೆಯ ಮಗು ಕರುವಾಗಿ ಅಮ್ಮನನ್ನು ಕರೆಯುವಾಗ ಯಾರ ವ್ಯಾಕರಣಕ್ಕೂ ಹೆದರುವುದಿಲ್ಲ. ಮೊದಲು ಮಾತು ಹೊರಬರಲಿ, ತಿದ್ದುವುದು ಇದ್ದೇ ಇದೆ.

ಅಕ್ಷರದ ಮಾತಿಗೆ ಬರುತ್ತೇನೆ. ಷಿಕಾಗೋದ ಶಿಶುವಿಹಾರದಲ್ಲಿ ದೀರ್ಘಕಾಲ ಪಾಠ ಮಾಡಿದ ವಿವಿಯನ್ ಪೇಲಿ (2019ರಲ್ಲಿ ತೀರಿಕೊಂಡರು) ಮಕ್ಕಳು ಹೇಳಿದ ಕಥೆಯನ್ನು ಅವರೆದುರೇ, ಅವರ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದರು. ನಂತರ ಅದನ್ನು ಓದುತ್ತ ಹೋದಂತೆ ತರಗತಿಯ ಮಕ್ಕಳೇ ಆಡುತ್ತಿದ್ದರು. ತಾನು ಆಡಿದ ಮಾತು ಕಾಗದದ ಮೇಲೆ ಕೂತಿದೆ, ಅದನ್ನು ಓದಿದರೆ ಗೆಳೆಯರು ಎದ್ದು ಕುಣಿಯುತ್ತಾರೆ ಎಂದು ಕಂಡ ಮಗುವಿಗೆ ಬರವಣಿಗೆ ಏಕೆ ಬೇಕೆಂದು ಬೇರೆ ಹೇಳಬೇಕೇ? ನಮ್ಮ ದೇಶದ್ದೇ ಬೇಕೆಂದರೆ ಗಿಜುಭಾಯಿ ಬಧೇಕಾ ಇದ್ದಾರೆ. ವಕೀಲಿ ಬಿಟ್ಟು ಬಂದವರು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವೆಂಬ ಶಿಶುಶಾಲೆ ತೆರೆದವರು. ಕಥೆ ಮತ್ತು ನಾಟಕ ಅವರ ತರಗತಿಯ ಬೆನ್ನೆಲುಬಾಗಿತ್ತು. ಗುಜರಾತಿನ ಜನ ಅವರನ್ನು 'ಮೀಸೆಯ ಅಮ್ಮ' ಎಂದು ಕರೆದರು. ನಿಮಗೂ ಮೀಸೆ ಇದ್ದರೆ ಯೋಚಿಸಿ.

ಇಷ್ಟಕ್ಕೂ ಕೊಡಗಿನವರು ನಾಟಕಕ್ಕೆ ಮೂಗು ಮುರಿಯುವುದು ನನಗೆ ಸೋಜಿಗ. ಕೊಡವ ಭಾಷೆಯ ಕವಿ ಹರದಾಸ ಅಪ್ಪಚ್ಚಕವಿ 1906ರಲ್ಲೇ ಯಯಾತಿಯ ಕಥೆಯನ್ನು ಕೊಡವ ತಕ್ಕ್‌ನಲ್ಲಿ ನಾಟಕವಾಗಿ ಬರೆದರು. ಪುರಾಣದ ರಾಜ ಮನೆಮಾತಿನಲ್ಲಿ ಮಾತಾಡಿದ. ಮೇ ತಿಂಗಳಲ್ಲಿ ತಿತಿಮತಿ ಬಳಿಯ ದೇವರಪುರದ ಕುಂಡೆ ಹಬ್ಬಕ್ಕೆ ಹೋಗಿ ನೋಡಿ: ಗಂಡಸರು ಸೀರೆ ಉಟ್ಟು, ವೇಷ ಹಾಕಿ, ದೇವರನ್ನೇ ಬೈಯುತ್ತ ಕುಣಿಯುತ್ತಾರೆ. ವೇಷ ತೊಟ್ಟರೆ ಬೇರೆಯವನಾಗಿ ಮಾತಾಡಬಹುದೆಂದು ಅವರಿಗೆ ಯಾವ ಬಿ.ಎಡ್. ಕಾಲೇಜೂ ಕಲಿಸಲಿಲ್ಲ.

ಹಾಗೆಂದು ಶಾಲಾ ವಾರ್ಷಿಕೋತ್ಸವವನ್ನು ನಾಟಕವೆಂದು ನನ್ನ ತಲೆಗೆ ಕಟ್ಟಬೇಡಿ. ಬಾಡಿಗೆಗೆ ತಂದ ವೇಷ, ಧ್ವನಿಮುದ್ರಿತ ಸಂಭಾಷಣೆ, ಅದಕ್ಕೆ ತುಟಿ ಆಡಿಸುವ ಕೃಷ್ಣ. ಚುರುಕು ಹುಡುಗಿಗೆ ರಾಣಿಯ ಪಾತ್ರ, ಮಿಕ್ಕವರೆಲ್ಲ ಮರ. ಕೆಳಗೆ ಪಾಲಕರು ಮೊಬೈಲ್ ಎತ್ತಿ ನಿಂತಿರುತ್ತಾರೆ, ಹಿಂದೆ ಕೂತವರಿಗೆ ಕಾಣುವುದು ಮೊಬೈಲುಗಳ ಬೆನ್ನು. ಅಲ್ಲಿ ಮಗು ಒಂದು ಪ್ರಶ್ನೆಯನ್ನೂ ಎದುರಿಸುವುದಿಲ್ಲ, ಎಲ್ಲಿ ನಿಲ್ಲಬೇಕೆಂದಷ್ಟೇ ಕಲಿಯುತ್ತದೆ. ಇದಕ್ಕೆ ತಿಂಗಳುಗಟ್ಟಲೆ ತಾಲೀಮು ಮಾಡಿಸಿದರೂ ಯಾರೂ ಪತ್ರಿಕೆಗೆ ಪತ್ರ ಬರೆಯುವುದಿಲ್ಲ. ಶಿಕ್ಷಕಿಯೊಬ್ಬಳು ವೇಷವಿಲ್ಲದೆ, ಖರ್ಚಿಲ್ಲದೆ, ಒಂದು ಕುರ್ಚಿ ಇಟ್ಟುಕೊಂಡು ಕಥೆ ಆಡಿಸಿದರೆ ಪಾಠ ಹಿಂದೆ ಬಿತ್ತೆಂದು ದೂರು! ಪಾಠ ಹಿಂದೆ ಬೀಳುವುದು ಮಳೆ ರಜೆಯಿಂದ, ಗಣತಿ ಕೆಲಸದಿಂದ, ಚುನಾವಣಾ ಕರ್ತವ್ಯದಿಂದ. ಜುಲೈ, ಆಗಸ್ಟ್‌ನ ರಜೆಗಳನ್ನು ಶನಿವಾರಗಳಲ್ಲಿ ಸರಿದೂಗಿಸಲು ಹೊರಟಾಗ ಮೊದಲು ಕತ್ತರಿ ಬೀಳುವುದು ಈ ಕಥೆಯ ಅವಧಿಗೇ.

ನಿಮ್ಮ ಊರಿನ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ, ಈ ಸಲ ವೇಷದ ಬಾಡಿಗೆಗೆ ಕೂಡಿಸುವ ಹಣದಲ್ಲಿ ತರಗತಿಗೆ ಕಥೆ ಪುಸ್ತಕ ಕೊಳ್ಳಿ ಎಂದು ಹೇಳಿ. ಬಹುಶಃ ಅಲ್ಲಿ ಕೂತವರಲ್ಲಿ ಅರ್ಧ ಜನ ನಿಮ್ಮ ಹಳೆಯ ವಿದ್ಯಾರ್ಥಿಗಳೇ ಇರುತ್ತಾರೆ, ಎದುರು ಮಾತಾಡಲಾರರು. ನಾನು ಹೇಳಿದರೆ ಪತ್ರಿಕೆಯವನಿಗೆ ಬೇಡದ ಉಸಾಬರಿ ಎನ್ನುತ್ತಾರೆ.

— ಸಂಪಾದಕ