ಓದುಗರ ಪ್ರಶ್ನೆ: ಸ್ಪ್ಯಾನಿಷ್‌ನಲ್ಲಿ ‘ಕೊಂಡೆ’ ಅನ್ನುವುದು ಹೇಗೆ?

ಪ್ರಶ್ನೆ: ‘ನಿನ್ನೆ ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಂಡೆ’ ಎನ್ನಲು ‘ಆಯೆರ್ ಕೋಂಪ್ರೊ’ ಎಂದು ಬರೆದೆ. ಮೇಷ್ಟ್ರು ‘ಕೊಂಪ್ರೇ’ ಎಂದು ತಿದ್ದಿದರು. ಇದರ ಲೆಕ್ಕ ಏನು?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ‘ಕೋಂಪ್ರೊ’ ಎಂದರೆ ‘ಕೊಳ್ಳುತ್ತೇನೆ’. ನಡೆದು ಮುಗಿದ ಕೆಲಸಕ್ಕೆ ಬೇರೆ ಪ್ರತ್ಯಯ ಬೇಕು. ‘ಕೊಂಪ್ರಾರ್’ (ಕೊಳ್ಳು) ಎಂಬ ಮೂಲ ಕ್ರಿಯಾಪದದ ಕೊನೆಯ ‘ಆರ್’ ತೆಗೆದು ಹೀಗೆ ಸೇರಿಸಿ: ಕೊಂಪ್ರೇ (ಕೊಂಡೆನು), ಕೊಂಪ್ರಾಸ್ತೆ (ನೀನು ಕೊಂಡೆ), ಕೊಂಪ್ರೋ (ಕೊಂಡನು, ಕೊಂಡಳು, ‘ತಾವು’ ಎನ್ನುವ ಮರ್ಯಾದೆಗೂ ಇದೇ), ಕೊಂಪ್ರಾಮೊಸ್ (ಕೊಂಡೆವು), ಕೊಂಪ್ರಾರೊನ್ (ಕೊಂಡರು). ‘ನೀವೆಲ್ಲ’ ಎನ್ನಲು ಸ್ಪೇನ್‌ನಲ್ಲಿ ‘ಕೊಂಪ್ರಾಸ್ತೆಯ್ಸ್’ ಎಂಬ ಆರನೆಯ ರೂಪವಿದೆ. ಲ್ಯಾಟಿನ್ ಅಮೆರಿಕದಲ್ಲಿ ಅದರ ಜಾಗಕ್ಕೂ ‘ಕೊಂಪ್ರಾರೊನ್’ ಸಾಕು.

‘ಎರ್’, ‘ಇರ್’ ಎಂದು ಮುಗಿಯುವ ಪದಗಳಿಗೆ ಒಂದೇ ಸಾಲು. ತಿನ್ನುವುದಕ್ಕೆ ‘ಕೊಮೇರ್’: ಕೊಮೀ, ಕೊಮೀಸ್ತೆ, ಕೊಮ್ಯೋ, ಕೊಮೀಮೊಸ್, ಕೊಮ್ಯೇರೊನ್.

ಹೆಚ್ಚು ಜನ ಎಡವುವುದು ಒತ್ತಿನಲ್ಲಿ. ‘ಕೋಂಪ್ರೊ’ ಎಂದು ಮೊದಲು ಒತ್ತಿದರೆ ‘ನಾನು ಕೊಳ್ಳುತ್ತೇನೆ’. ‘ಕೊಂಪ್ರೋ’ ಎಂದು ಕೊನೆಗೆ ಒತ್ತಿದರೆ ‘ಅವನು ಕೊಂಡ’. ಬರವಣಿಗೆಯಲ್ಲಿ ಕೊನೆಯ ಸ್ವರದ ಮೇಲಿನ ಪುಟ್ಟ ಗೀಟೊಂದೇ ವ್ಯತ್ಯಾಸ. ಅದನ್ನು ಬಿಟ್ಟರೆ ಕಾಲವೂ ಕೆಡುತ್ತದೆ, ಕೊಂಡವರೂ ಬದಲಾಗುತ್ತಾರೆ. ಗೀಟು ಬೇಕಾಗುವುದು ‘ನಾನು’ ಮತ್ತು ‘ಅವನು/ಅವಳು’ ರೂಪಗಳಿಗೆ ಮಾತ್ರ.

‘ಕೊಂಪ್ರಾಮೊಸ್’ ವರ್ತಮಾನಕ್ಕೂ ಅದೇ. ‘ಆಯೆರ್’ (ನಿನ್ನೆ) ಎಂಬಂಥ ಪದವೇ ಕಾಲ ಹೇಳಬೇಕು. ‘ಕೊಮೇರ್’ನಲ್ಲಿ ಈ ಗೊಂದಲವಿಲ್ಲ: ಕೊಮೇಮೊಸ್ ತಿನ್ನುತ್ತೇವೆ, ಕೊಮೀಮೊಸ್ ತಿಂದೆವು. ಕನ್ನಡದ ಹಾಗೆ ಪ್ರತ್ಯಯವೇ ಆಳು ಯಾರೆಂದು ಹೇಳುವುದರಿಂದ ‘ಯೊ’ (ನಾನು) ಪದೇ ಪದೇ ಹಾಕಬೇಡಿ. ಆದರೆ ‘ಕೊಂಡನು–ಕೊಂಡಳು’ ಭೇದ ಅಲ್ಲಿಲ್ಲ, ಅಷ್ಟರ ಮಟ್ಟಿಗೆ ನಮ್ಮದೇ ಹೆಚ್ಚು ಖಚಿತ. ‘ಕೊಳ್ಳುತ್ತಿದ್ದೆ’ ಎನ್ನುವ ರೂಢಿಯ ಮಾತಿಗೆ ಈ ರೂಪ ನಡೆಯದು, ಅದಕ್ಕೆ ‘ಕೊಂಪ್ರಾಬ’.

ಪ್ರಶ್ನೆ: ‘ಯೆಗಾರ್’ (ತಲುಪು) ಕ್ರಮಬದ್ಧ ಕ್ರಿಯಾಪದ ಅನ್ನುತ್ತಾರೆ. ಮತ್ತೆ ‘ಮಂಡ್ಯ ತಲುಪಿದೆ’ ಎಂದು ಬರೆಯುವಾಗ ನಡುವೆ ‘ಯು’ ಅಕ್ಷರ ಏಕೆ ನುಸುಳುತ್ತದೆ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಉಚ್ಚಾರ ಕೆಡದಿರಲೆಂದು. ‘ಜಿ’ ಅಕ್ಷರದ ಮುಂದೆ ನೇರವಾಗಿ ‘ಎ’ ಸ್ವರ ಬಂದರೆ ಸ್ಪ್ಯಾನಿಷ್‌ನಲ್ಲಿ ಅದು ಗಂಟಲಿನ ‘ಹ’ ಆಗಿ, ‘ಯೆಹೇ’ ಎಂದಾಗುತ್ತಿತ್ತು. ‘ಯು’ ಅಡ್ಡ ನಿಂತರೆ ‘ಯೆಗೇ’ ಉಳಿಯುತ್ತದೆ. ಆ ‘ಯು’ ಮಾತ್ರ ಉಚ್ಚರಿಸಬೇಡಿ. ಹುಡುಕುವುದಕ್ಕಿರುವ ‘ಬುಸ್ಕಾರ್’ನಲ್ಲೂ ‘ಸಿ’ ಹೋಗಿ ‘ಕ್ಯು, ಯು’ ಬಂದು ‘ಬುಸ್ಕೇ’. ಈ ತಿದ್ದುಪಡಿ ‘ನಾನು’ ರೂಪಕ್ಕಷ್ಟೇ. ‘ಯೆಗಾಸ್ತೆ’ಯಿಂದ ಮುಂದೆ ಎಲ್ಲ ಹಳೆಯ ಅಕ್ಷರವೇ.